ಪಂಜು ಯಾರ ಕೈಯಲ್ಲಿದೆ? ಹಳೆಯ ಹಾರರ್ ಸಿನಿಮಾಗಳ ಕ್ವಿಯರ್ ಓದು

ಕಾಡಿನ ನಡುವೆ ಒಂದು ಗುಡಿಸಲು. ಒಳಗೆ ಕಣ್ಣು ಕಾಣದ ಮುದುಕನೊಬ್ಬ ಒಂಟಿಯಾಗಿ ಕೂತು ಪಿಟೀಲು ನುಡಿಸುತ್ತಿದ್ದಾನೆ. ಹೊರಗೆ ಕತ್ತಲಲ್ಲಿ ಒಂದು ಜೀವ ನಿಂತು ಕೇಳುತ್ತಿದೆ. ಹೆಣಗಳ ತುಂಡು ಹೊಲಿದು ಮಾಡಿದ ದೇಹ ಅದರದ್ದು. ತೋಳಿಗೆ ಗುಂಡೇಟು ಬಿದ್ದಿದೆ, ಕೈ ಸುಟ್ಟಿದೆ. ಊರಿನವರು ಪಂಜು ಹಿಡಿದು ಹುಡುಕುತ್ತಿದ್ದಾರೆ. ಬಾಗಿಲು ತಳ್ಳಿ ಒಳಗೆ ಬಂದಾಗ ಅದಕ್ಕೆ ಗುರುಗುಟ್ಟುವುದು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಮುದುಕ ಹೆದರುವುದಿಲ್ಲ. ಯಾರಾದರೂ ಸರಿ, ಬಾ ಗೆಳೆಯ ಅನ್ನುತ್ತಾನೆ.

ಬಿಸಿ ಸೂಪು ಕೊಡುತ್ತಾನೆ. ಬ್ರೆಡ್ ಕೊಡುತ್ತಾನೆ. ನನಗೆ ಕಣ್ಣಿಲ್ಲ, ನಿನಗೆ ಮಾತಿಲ್ಲ ಎಂದು ಸಮಾಧಾನ ಹೇಳುತ್ತಾನೆ. ಹಾಸಿಗೆಯಲ್ಲಿ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ಒಂಟಿಯಾಗಿದ್ದವನಿಗೆ ಕೊನೆಗೂ ಒಬ್ಬ ಗೆಳೆಯನನ್ನು ಕಳಿಸಿದೆಯಲ್ಲ ಎಂದು ದೇವರನ್ನು ನೆನೆಯುತ್ತಾನೆ. ಹಾಗೇ ಆ ಜೀವದ ಎದೆಯ ಮೇಲೆ ತಲೆಯಿಟ್ಟು ಅಳುತ್ತಾನೆ. ಆ ಕಡೆಯಿಂದಲೂ ಒಂದು ಹನಿ ಕೆನ್ನೆಗೆ ಇಳಿಯುತ್ತದೆ. ದೊಡ್ಡ ಕೈಯೊಂದು ಮೆಲ್ಲಗೆ ಎದ್ದು ಮುದುಕನ ಹೆಗಲು ತಟ್ಟುತ್ತದೆ.

ಇದು 1935ರಲ್ಲಿ ಬಂದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಸಿನಿಮಾದ ದೃಶ್ಯ. ನಿರ್ದೇಶಕ ಜೇಮ್ಸ್ ವೇಲ್. ಆ ಜೀವದ ಪಾತ್ರ ಮಾಡಿದವರು ಬೋರಿಸ್ ಕಾರ್ಲಾಫ್. ದೆವ್ವದ ಸಿನಿಮಾ, ಹೆದರೋಣ ಅಂತ ಕೂತವನಿಗೆ ಗಂಟಲು ಕಟ್ಟಿತ್ತು. ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಇಲ್ಲಿಯತನಕ ನಾನೂ ಆ ಜೀವವನ್ನು ‘ಅದು’ ಎಂದೇ ಬರೆದೆ. ಕನ್ನಡದಲ್ಲಿ ಬರೆಯುವಾಗ ಇದು ದೊಡ್ಡ ವಿಷಯ. ‘ಅವನು’ ಅನ್ನಬೇಕೋ ‘ಅದು’ ಅನ್ನಬೇಕೋ ಎಂದು ಪ್ರತಿ ವಾಕ್ಯದಲ್ಲೂ ನಾವು ತೀರ್ಮಾನ ಮಾಡಲೇಬೇಕು. ಕ್ರಿಯಾಪದವೇ ಅದನ್ನು ಕೇಳುತ್ತದೆ. ಬೀದಿಯಲ್ಲಿ ನಡೆದುಹೋಗುವ ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ತೋರಿಸಿ ‘ಅದು ಬಂತು ನೋಡು’ ಅನ್ನುವವರನ್ನು ನಾವೆಲ್ಲ ಕೇಳಿದ್ದೇವೆ. ಮನುಷ್ಯರ ಸಾಲಿನಿಂದ ಒಬ್ಬರನ್ನು ಆಚೆ ಹಾಕಲು ಒಂದು ಸರ್ವನಾಮ ಸಾಕು. ಆ ಗುಡಿಸಲಿನ ಮುದುಕ ಅವನನ್ನು ಗೆಳೆಯ ಎಂದು ಕರೆದಿದ್ದಾನೆ. ಹಾಗಾಗಿ ನಾನೂ ಇನ್ನು ಮುಂದೆ ‘ಅವನು’ ಅಂತಲೇ ಬರೆಯುತ್ತೇನೆ.

ಅವನಿಗೆ ಹೆಸರೂ ಇಲ್ಲ. ಫ್ರಾಂಕೆನ್‌ಸ್ಟೈನ್ ಅನ್ನುವುದು ಅವನನ್ನು ಮಾಡಿದ ವಿಜ್ಞಾನಿಯ ಹೆಸರು. ಈ ಸರಣಿಯ ಮೊದಲ ಸಿನಿಮಾ, 1931ರ ‘ಫ್ರಾಂಕೆನ್‌ಸ್ಟೈನ್’ನ ಶುರುವಿನಲ್ಲಿ ಬರುವ ಪಾತ್ರಗಳ ಪಟ್ಟಿಯಲ್ಲಿ ಆ ಪಾತ್ರದ ಎದುರು ನಟನ ಹೆಸರಿನ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಅಷ್ಟೇ.

ಮರುದಿನ ಪಾಠ ಶುರುವಾಗುತ್ತದೆ. ಬ್ರೆಡ್, ವೈನ್, ಒಳ್ಳೆಯದು, ಕೆಟ್ಟದ್ದು, ಗೆಳೆಯ. ಒಲೆಯ ಬೆಂಕಿ ಕಂಡು ಅವನು ಬೆಚ್ಚಿ ಹಿಂದೆ ಸರಿಯುತ್ತಾನೆ. ಬೆಂಕಿ ಅಂದರೆ ಅವನಿಗೆ ಪಂಜು, ಪಂಜು ಅಂದರೆ ಊರು. ಒಂಟಿತನ ಕೆಟ್ಟದ್ದು, ಗೆಳೆಯ ಒಳ್ಳೆಯದು ಅನ್ನುವುದನ್ನು ಅವನು ತೊದಲುತ್ತಾ ಕಲಿಯುತ್ತಾನೆ. ಅಷ್ಟರಲ್ಲಿ ದಾರಿ ತಪ್ಪಿದ ಇಬ್ಬರು ಬೇಟೆಗಾರರು ಬಾಗಿಲಿಗೆ ಬರುತ್ತಾರೆ. ಇವನು ಯಾರು ಅಂತ ನಿನಗೆ ಕಾಣುವುದಿಲ್ಲವೇ ಎಂದು ಮುದುಕನ ಮೇಲೆ ಕೂಗುತ್ತಾರೆ. ಹೊಡೆದಾಟದಲ್ಲಿ ಗುಡಿಸಲಿಗೆ ಬೆಂಕಿ ಬೀಳುತ್ತದೆ. ಇವನು ನನ್ನ ಗೆಳೆಯ, ಯಾಕೆ ಹೀಗೆ ಮಾಡುತ್ತೀರಿ ಎಂದು ಮುದುಕ ಕೇಳುತ್ತಲೇ ಇರುತ್ತಾನೆ. ಅವರು ಅವನ ಕೈ ಹಿಡಿದು ಹೊರಗೆ ಕರೆದೊಯ್ಯುತ್ತಾರೆ. ಒಳಗೆ ಉಳಿದವನು ಹೊಗೆಯಲ್ಲಿ ತಡಕಾಡುತ್ತಾ ಆಗಷ್ಟೇ ಕಲಿತ ಪದವನ್ನು ಕರೆಯುತ್ತಾನೆ: ಗೆಳೆಯಾ, ಗೆಳೆಯಾ.

ಇಬ್ಬರು ಗಂಡಸರು ಒಂದು ಸೂರಿನಡಿ ಯಾರ ತಂಟೆಗೂ ಹೋಗದೆ ಇದ್ದರು. ಹೊರಗಿನವರು ಬಂದು ಇದು ಸರಿಯಲ್ಲ ಎಂದರು. ಮನೆ ಸುಟ್ಟಿತು. ಇಷ್ಟು ಸರಳವಾಗಿ ಹೇಳಿದರೆ, ಈ ದೃಶ್ಯದಲ್ಲಿ ಎಷ್ಟೋ ಸಲಿಂಗಿಗಳು ತಮ್ಮ ಬದುಕನ್ನೇ ಯಾಕೆ ಕಂಡರು ಅನ್ನುವುದು ಗೊತ್ತಾಗುತ್ತದೆ. ಹಾಗೆ ಕಾಣುವುದನ್ನೇ ಸಿನಿಮಾದ ಕ್ವಿಯರ್ ಓದು ಎನ್ನುತ್ತಾರೆ.

‘ಕ್ವಿಯರ್’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಮೊದಲಿದ್ದ ಅರ್ಥ ವಿಚಿತ್ರ, ವಿಲಕ್ಷಣ ಎಂದು. ಆಮೇಲೆ ಅದು ಸಲಿಂಗಿಗಳನ್ನು ಹೀಯಾಳಿಸುವ ಬೈಗುಳವಾಯಿತು. 1980ರ ದಶಕದ ಕೊನೆಯ ಹೊತ್ತಿಗೆ ಆ ಬೈಗುಳವನ್ನೇ ಅವರು ಕೈಗೆತ್ತಿಕೊಂಡು, ಹೌದು ನಾವು ಕ್ವಿಯರ್ ಎಂದು ಹೆಮ್ಮೆಯಿಂದ ಹೇಳತೊಡಗಿದರು. ಈಗ ಗೇ, ಲೆಸ್ಬಿಯನ್, ಬೈಸೆಕ್ಶುವಲ್, ಟ್ರಾನ್ಸ್ ಎಲ್ಲರನ್ನೂ ಒಳಗೊಳ್ಳುವ ಮಾತು ಅದು. ಬೆಂಗಳೂರಿನಲ್ಲೂ ಕ್ವಿಯರ್ ಅಂತಲೇ ಬಳಸುತ್ತಾರೆ.

ಇನ್ನು ‘ಓದು’. ಈ ಪಾತ್ರ ಗೇ ಹೌದೋ ಅಲ್ಲವೋ ಎಂದು ಪತ್ತೇದಾರಿ ಮಾಡುವುದು ಇದರ ಕೆಲಸವಲ್ಲ. ಹಾಗೆ ಮಾಡಿದರೆ ಹತ್ತು ನಿಮಿಷದಲ್ಲಿ ಬೇಸರವಾಗುತ್ತದೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಗಳು ಎರಡು. ಪಂಜು ಯಾರ ಕೈಯಲ್ಲಿದೆ? ಕ್ಯಾಮೆರಾ ಯಾರ ಪಕ್ಕ ನಿಂತಿದೆ? ವಿಮರ್ಶಕ ರಾಬಿನ್ ವುಡ್ 1970ರ ದಶಕದಲ್ಲಿ ಹಾರರ್ ಸಿನಿಮಾದ ಸೂತ್ರವನ್ನು ಒಂದೇ ಸಾಲಿನಲ್ಲಿ ಹೇಳಿದ್ದರು: ಎಲ್ಲವೂ ‘ಸರಿಯಾಗಿ’ ನಡೆಯುತ್ತಿರುವ ಲೋಕಕ್ಕೆ ಒಂದು ರಾಕ್ಷಸನಿಂದ ಅಪಾಯ ಬರುತ್ತದೆ. ವುಡ್ ಸ್ವತಃ ಸಲಿಂಗಿ, ಅದನ್ನು ಬಹಿರಂಗವಾಗಿ ಹೇಳಿಕೊಂಡವರು. ಆ ‘ಸರಿಯಾದ’ ಲೋಕ ಅಂದರೆ ಯಾವುದು? ಗಂಡು, ಹೆಣ್ಣು, ಮದುವೆ, ಮನೆ, ಚರ್ಚು, ಪೊಲೀಸು. ಆ ಲೋಕ ತನ್ನೊಳಗೆ ಏನನ್ನು ಒತ್ತಿ ಹಿಡಿದಿರುತ್ತದೋ ಅದೇ ರಾಕ್ಷಸನ ರೂಪದಲ್ಲಿ ತಿರುಗಿ ಬರುತ್ತದೆ ಎನ್ನುವುದು ಅವರ ವಾದ. ಆದ್ದರಿಂದ ರಾಕ್ಷಸನನ್ನು ನೋಡಿದರೆ ಆ ಊರು ಯಾವುದಕ್ಕೆ ಹೆದರುತ್ತದೆ ಅನ್ನುವುದು ತಿಳಿಯುತ್ತದೆ.

ಕನ್ನಡದಲ್ಲಿ ಕಾವ್ಯಮೀಮಾಂಸೆ ಸ್ವಲ್ಪ ಓದಿದವರಿಗೆ ಇದು ಹೊಸದೇನಲ್ಲ. ‘ಗಂಗೆಯ ಮೇಲೆ ಹಳ್ಳಿ’ ಎಂಬ ಉದಾಹರಣೆ ನೆನಪಿದೆಯಲ್ವಾ? ಹೊಳೆಯ ಮೇಲೆ ಹಳ್ಳಿ ಇರಲು ಸಾಧ್ಯವಿಲ್ಲ, ದಡದಲ್ಲಿದೆ ಎಂದು ಅರ್ಥ. ಆದರೆ ಕೇಳಿದ ತಕ್ಷಣ ಮನಸ್ಸಿಗೆ ತಂಪು, ಪಾವಿತ್ರ್ಯ ಎಲ್ಲ ಬರುತ್ತದೆ. ಬಾಯಿಬಿಟ್ಟು ಹೇಳದೆ ಬಂದ ಆ ಅರ್ಥವೇ ಧ್ವನಿ. ಅದನ್ನು ಹಿಡಿಯಲು ಸಹೃದಯ ಬೇಕು. ಕ್ವಿಯರ್ ಓದು ಕೇಳುವುದೂ ಅಂಥ ಸಹೃದಯರನ್ನೇ.

ಆದರೆ ಅಮೆರಿಕದ ಸಿನಿಮಾಗಳಲ್ಲಿ ಈ ಧ್ವನಿ ಹುಟ್ಟಿದ್ದಕ್ಕೆ ಕಾವ್ಯದ ಆಸೆಗಿಂತ ಭಯವೇ ಜಾಸ್ತಿ ಕಾರಣ. 1930ರಲ್ಲಿ ಹಾಲಿವುಡ್‌ನ ನಿರ್ಮಾಪಕರು ಸೇರಿ ಒಂದು ನಿಯಮಾವಳಿ ಮಾಡಿಕೊಂಡರು. ವಿಲ್ ಹೇಸ್ ಎಂಬುವರ ಹೆಸರಿನಿಂದ ಅದನ್ನು ಹೇಸ್ ಕೋಡ್ ಎನ್ನುತ್ತಾರೆ. ‘ಲೈಂಗಿಕ ವಿಕೃತಿ’ಯನ್ನು ತೋರಿಸುವಂತಿಲ್ಲ, ಅದರ ಸುಳಿವನ್ನೂ ಕೊಡುವಂತಿಲ್ಲ ಎಂದು ಅದರಲ್ಲಿತ್ತು. ಸಲಿಂಗ ಪ್ರೇಮವನ್ನು ಆ ಪದದೊಳಗೇ ತುಂಬಿದ್ದರು. ಮೊದಲ ಕೆಲವು ವರ್ಷ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 1934ರಲ್ಲಿ ಜೋಸೆಫ್ ಬ್ರೀನ್ ಕೈಗೆ ಅಧಿಕಾರ ಬಂದ ಮೇಲೆ ಅದು ಬಿಗಿಯಾಯಿತು. ಸ್ಕ್ರಿಪ್ಟನ್ನು ಮೊದಲು ಬ್ರೀನ್ ಕಚೇರಿಗೆ ಕಳಿಸಬೇಕು, ಅವರು ಬೇಡ ಅಂದದ್ದನ್ನು ತೆಗೆಯಬೇಕು. ಈ ವ್ಯವಸ್ಥೆ ಪೂರ್ತಿ ಹೋಗಿದ್ದು 1968ರಲ್ಲಿ.

ಹಾಗಾಗಿ ಬರೆಯುವವರು, ನಿರ್ದೇಶಿಸುವವರು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಹೇಳುವುದನ್ನು ಕಲಿತರು. ಒಂದು ನಡಿಗೆ, ಒಂದು ಹುಬ್ಬು, ತುಸು ಹೆಚ್ಚು ಹೊತ್ತು ನಿಲ್ಲುವ ನೋಟ. ಪ್ರೇಮಕತೆಯಲ್ಲಿ ಇಂಥದ್ದಕ್ಕೆ ಜಾಗ ಕಡಿಮೆ, ಅಲ್ಲಿ ಎಲ್ಲರ ಕಣ್ಣೂ ಪ್ರೇಮದ ಮೇಲೇ ಇರುತ್ತದೆ. ಹಾರರ್‌ನಲ್ಲಿ ಜಾಗ ಧಾರಾಳ. ರಾತ್ರಿ ಮಾತ್ರ ಹೊರಗೆ ಬರುವವರು, ಗುಟ್ಟು ಇಟ್ಟುಕೊಂಡವರು, ಒಳಗೊಂದು ಹೊರಗೊಂದು ಬದುಕುವವರು, ಮದುವೆಯ ದಿನ ಕಾಣೆಯಾಗುವವರು, ಎಲ್ಲರೂ ಅಲ್ಲಿ ಸಹಜ.

ಈಗ ಜೇಮ್ಸ್ ವೇಲ್ ಬಗ್ಗೆ ಹೇಳಲೇಬೇಕು. ಹುಟ್ಟಿದ್ದು 1889ರಲ್ಲಿ, ಇಂಗ್ಲೆಂಡಿನ ಡಡ್ಲಿ ಎಂಬ ಕೈಗಾರಿಕಾ ಊರಿನಲ್ಲಿ. ಬಡ ಮನೆ. ತಂದೆ ಕಬ್ಬಿಣದ ಕುಲುಮೆಯಲ್ಲಿ ಕೆಲಸಕ್ಕಿದ್ದರು. ಹುಡುಗ ಬೂಟು ರಿಪೇರಿ ಮಾಡಿ ದುಡ್ಡು ಹೊಂದಿಸಿ ಸಂಜೆ ಚಿತ್ರಕಲೆ ಕಲಿತ. ಅವನಿಗೆ ಆರು ವರ್ಷವಾಗುವ ಹೊತ್ತಿಗೆ, 1895ರಲ್ಲಿ, ಲೇಖಕ ಆಸ್ಕರ್ ವೈಲ್ಡ್ ಗಂಡಸರ ಜೊತೆಗಿನ ಸಂಬಂಧಕ್ಕಾಗಿ ಜೈಲಿಗೆ ಹೋದ. ಅದಕ್ಕೆ ಬಳಸಿದ ಕಾನೂನು 1885ರದ್ದು. ಅದಕ್ಕೂ ಮೊದಲೇ, 1860ರಲ್ಲಿ, ಅದೇ ಬ್ರಿಟಿಷರು ನಮ್ಮ ಮೇಲೆ ಹೇರಿದ್ದು ದಂಡಸಂಹಿತೆಯ 377ನೇ ಕಲಮು. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ. ವೇಲ್ ಬೆಳೆದ ಭಯ ಎಂಥದ್ದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೊದಲ ಮಹಾಯುದ್ಧದಲ್ಲಿ ವೇಲ್ ಅಧಿಕಾರಿಯಾಗಿದ್ದರು. 1917ರಲ್ಲಿ ಜರ್ಮನರಿಗೆ ಸೆರೆಸಿಕ್ಕರು. ನಾಟಕದ ಹುಚ್ಚು ಹತ್ತಿದ್ದು ಆ ಸೆರೆಶಿಬಿರದಲ್ಲಿ, ಕೈದಿಗಳ ಜೊತೆ ನಾಟಕ ಆಡಿಸುತ್ತಾ. ಮುಂದೆ ಲಂಡನ್ ರಂಗಭೂಮಿ, ಅಲ್ಲಿಂದ ಹಾಲಿವುಡ್. ಅಲ್ಲಿ ಎಷ್ಟೋ ಸಲಿಂಗಿ ಕಲಾವಿದರು ತೋರಿಕೆಗೆ ಮದುವೆಯಾಗುತ್ತಿದ್ದ ಕಾಲದಲ್ಲಿ ವೇಲ್ ನಿರ್ಮಾಪಕ ಡೇವಿಡ್ ಲೂಯಿಸ್ ಜೊತೆ ಒಂದೇ ಮನೆಯಲ್ಲಿ ಎರಡು ದಶಕ ಬಾಳಿದರು. ಮುಚ್ಚುಮರೆ ಮಾಡಲಿಲ್ಲ.

ಇಷ್ಟು ತಿಳಿದು ‘ಬ್ರೈಡ್’ ಮತ್ತೆ ನೋಡಿ. ವಿಜ್ಞಾನಿ ಹೆನ್ರಿ ಫ್ರಾಂಕೆನ್‌ಸ್ಟೈನ್ ಗಾಯಗೊಂಡು ಹಾಸಿಗೆಯಲ್ಲಿದ್ದಾನೆ. ಪಕ್ಕದಲ್ಲಿ ಅವನನ್ನು ಮದುವೆಯಾಗಬೇಕಿರುವ ಎಲಿಜಬೆತ್. ರಾತ್ರಿ ಬಾಗಿಲು ಬಡಿದ ಸದ್ದು. ಬಂದವನು ಡಾಕ್ಟರ್ ಪ್ರಿಟೋರಿಯಸ್. ತುಂಬಾ ‘ಕ್ವಿಯರ್’ ಆಗಿ ಕಾಣುವ ಒಬ್ಬ ಮುದುಕಪ್ಪ ಬಂದಿದ್ದಾರೆ ಎಂದು ಮನೆಕೆಲಸದ ಮಿನ್ನಿ ಹೇಳುತ್ತಾಳೆ. ಸಿನಿಮಾದಲ್ಲಿ ಬಳಸಿರುವ ಪದವೇ ಅದು! ವಿಚಿತ್ರ ಎಂಬ ಅರ್ಥ ಮಾತ್ರ ಗೊತ್ತಿದ್ದವರು ಅಷ್ಟನ್ನೇ ಕೇಳಿಸಿಕೊಂಡರು. ಇನ್ನೊಂದು ಅರ್ಥ ಗೊತ್ತಿದ್ದವರಿಗೆ ಅದೂ ಕೇಳಿಸಿತು.

ಪ್ರಿಟೋರಿಯಸ್ ಪಾತ್ರದಲ್ಲಿ ಅರ್ನೆಸ್ಟ್ ಥೆಸಿಜರ್. ಉದ್ದ ಮೂಗು, ಸಣಕಲು ಮೈ, ಮೇಲಕ್ಕೆತ್ತಿದ ಹುಬ್ಬು, ಒಂದೊಂದು ಪದವನ್ನೂ ನಾಲಿಗೆ ಮೇಲೆ ಹೊರಳಿಸಿ ಬಿಡುವ ಶೈಲಿ. ನಿಜಜೀವನದಲ್ಲಿ ಅವರು ಕಸೂತಿಯಲ್ಲಿ ಪಳಗಿದ ಕೈ. ವಿಶ್ವವಿದ್ಯಾಲಯದಿಂದ ತನ್ನನ್ನು ಒದ್ದು ಹೊರಹಾಕಿದರು, ಜಾಸ್ತಿ ತಿಳಿದುಕೊಂಡಿದ್ದಕ್ಕೆ ಎಂದು ಪ್ರಿಟೋರಿಯಸ್ ಹೇಳಿಕೊಳ್ಳುತ್ತಾನೆ. ಏನನ್ನು ತಿಳಿದುಕೊಂಡ ಎನ್ನುವುದು ಬಾಯಿಂದ ಬರುವುದಿಲ್ಲ. ಎಲಿಜಬೆತ್‌ಳನ್ನು ಕೋಣೆಯಿಂದ ಹೊರಗೆ ಕಳಿಸಿ, ನಾವಿಬ್ಬರೂ ಸೇರಿ ಹೊಸ ಜೀವ ಹುಟ್ಟಿಸೋಣ ಬಾ ಎಂದು ಹೆನ್ರಿಯನ್ನು ಕರೆಯುತ್ತಾನೆ. ಹೆಣ್ಣಿನ ಹಂಗಿಲ್ಲದೆ ಇಬ್ಬರು ಗಂಡಸರು ಮಗುವನ್ನು ಪಡೆಯುವ ಯೋಜನೆ. ಹೆನ್ರಿ ಬೇಡ ಬೇಡ ಅನ್ನುತ್ತಲೇ ಎದ್ದು ಹೋಗುತ್ತಾನೆ.

ಈ ಸ್ಕ್ರಿಪ್ಟು ಬ್ರೀನ್ ಕಚೇರಿಯಲ್ಲಿ ತಕರಾರಿಲ್ಲದೆ ದಾಟಲಿಲ್ಲ. ವಿಜ್ಞಾನಿಯನ್ನು ದೇವರಿಗೆ ಹೋಲಿಸುವ ಮಾತು ಬೇಡ ಎಂದರು. ಕೊಲೆಗಳು ಜಾಸ್ತಿಯಾದವು ಎಂದರು. ಹೆಂಗಸರ ಉಡುಪಿನ ಕುತ್ತಿಗೆ ತೀರಾ ಕೆಳಗಿದೆ ಎಂದರು. ಪ್ರಿಟೋರಿಯಸ್ ಮಾತ್ರ ಹುಬ್ಬು ಎತ್ತಿಕೊಂಡೇ ಆ ಬಾಗಿಲು ದಾಟಿಬಿಟ್ಟ.

ಕೊನೆಗೆ, ಗುಡಿಸಲಿನಲ್ಲಿ ಗೆಳೆಯನನ್ನು ಕಳೆದುಕೊಂಡವನಿಗೆ ಜೋಡಿಯಾಗಿ, ಹೆಣ್ಣು ಜೀವ ಸಿದ್ಧವಾಗುತ್ತದೆ. ಎಲ್ಸಾ ಲ್ಯಾಂಚೆಸ್ಟರ್ ಮಾಡಿದ ಪಾತ್ರ. ನಿಗುರಿನಿಂತ ಕೂದಲಲ್ಲಿ ಎರಡು ಬಿಳಿ ಗೆರೆ. ಪಾತ್ರಗಳ ಪಟ್ಟಿಯಲ್ಲಿ ಅವಳಿಗೂ ಪ್ರಶ್ನಾರ್ಥಕ ಚಿಹ್ನೆಯೇ ಗತಿ. ಯಾರೂ ಅವಳನ್ನು ಕೇಳಿ ಮದುವೆ ನಿಶ್ಚಯ ಮಾಡಿಲ್ಲ. ಅವನು ಆಸೆಯಿಂದ ಹತ್ತಿರ ಬಂದಾಗ ಅವಳು ಕಿರುಚುತ್ತಾಳೆ. ಆಗ ಅವನು ಸನ್ನೆಗೋಲಿಗೆ ಕೈ ಹಾಕಿ ತೀರ್ಪು ಕೊಡುತ್ತಾನೆ. ಹೆನ್ರಿ ಮತ್ತು ಎಲಿಜಬೆತ್‌ಗೆ, ಹೋಗಿ, ನೀವು ಬದುಕಿ. ಪ್ರಿಟೋರಿಯಸ್‌ಗೆ, ನೀನು ಇಲ್ಲೇ ಇರು. ನಮ್ಮ ಜಾಗ ಸತ್ತವರ ಜೊತೆ. ಕಟ್ಟಡ ಕುಸಿಯುತ್ತದೆ. ಮದುವೆಯ ಜೋಡಿ ಉಳಿಯುತ್ತದೆ, ಉಳಿದವರೆಲ್ಲ ಮಣ್ಣಾಗುತ್ತಾರೆ. ಹೇಸ್ ಕೋಡ್‌ಗೆ ಬೇಕಿದ್ದ ಕೊನೆಯೇ ಇದು. ಆದರೆ ಕ್ಯಾಮೆರಾ ಕೊನೆಯ ಕ್ಷಣದಲ್ಲಿ ಯಾರ ಕೆನ್ನೆಯ ಮೇಲಿನ ಕಣ್ಣೀರು ತೋರಿಸುತ್ತದೆ ಗೊತ್ತಾ? ಸನ್ನೆಗೋಲು ಹಿಡಿದವನದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಇದೆಲ್ಲ ನಾವು ಇವತ್ತು ಕೂತು ಹಚ್ಚುತ್ತಿರುವ ಬಣ್ಣ ಅಲ್ವಾ? ವೇಲ್ ಸ್ವತಃ ಹೀಗೆ ಯೋಚಿಸಿದ್ದರಾ? ಈ ಆಕ್ಷೇಪ ಎತ್ತಿದವರಲ್ಲಿ ಹೊರಗಿನವರಷ್ಟೇ ಇಲ್ಲ. ವೇಲ್ ಜೊತೆ ಬಾಳಿದ ಡೇವಿಡ್ ಲೂಯಿಸ್ ಅವರೇ ಇದನ್ನು ಒಪ್ಪಲಿಲ್ಲ. ಜಿಮ್ಮಿ (ಅಂದರೆ ವೇಲ್) ಒಬ್ಬ ಕಲಾವಿದ, ಅವರ ಸಿನಿಮಾಗಳನ್ನು ‘ಗೇ ಕಲಾವಿದನ ಸಿನಿಮಾ’ ಎಂದು ನೋಡಬೇಡಿ ಅನ್ನುವುದು ಅವರ ನಿಲುವು. ವೇಲ್ ಅವರ ಕಿರಿಯ ಗೆಳೆಯ, ನಿರ್ದೇಶಕ ಕರ್ಟಿಸ್ ಹ್ಯಾರಿಂಗ್‌ಟನ್ ಕೂಡ ಇದು ಆಮೇಲೆ ಬಂದ ವಿಮರ್ಶಕರ ಕಲ್ಪನೆ ಎಂದರು. ಹ್ಯಾರಿಂಗ್‌ಟನ್ ಸ್ವತಃ ಸಲಿಂಗಿಯಾಗಿದ್ದವರು.

ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜೊತೆಗೆ ಬದುಕಿದವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಆ ಪೀಳಿಗೆಗೆ ಇನ್ನೊಂದು ಕಷ್ಟವೂ ಇತ್ತು: ಒಮ್ಮೆ ‘ಗೇ ಕಲಾವಿದ’ ಎಂಬ ಚೀಟಿ ಅಂಟಿದರೆ ಮಿಕ್ಕ ಕೆಲಸವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಆದರೆ ಸಿನಿಮಾದ ಅರ್ಥ ನಿರ್ದೇಶಕನ ಮನಸ್ಸಿನಲ್ಲಿ ಬೀಗ ಹಾಕಿ ಕೂತಿರುವುದಿಲ್ಲ. ಧ್ವನಿಯ ಅರ್ಧ ಭಾಗ ಕೇಳುವವನ ಕಿವಿಯಲ್ಲಿದೆ. ಓದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ನಿರ್ದೇಶಕನ ಹಾಸಿಗೆಕೋಣೆಗೆ ಇಣುಕಬೇಕಿಲ್ಲ. ಪರದೆಯ ಮೇಲಿರುವುದು ಆ ಓದಿಗೆ ಒಪ್ಪುತ್ತದೆಯೇ? ಆ ಓದಿನಿಂದ ಮೊದಲು ಕಾಣದ್ದು ಕಾಣುತ್ತದೆಯೇ? ಗುಡಿಸಲಿನ ದೃಶ್ಯದಲ್ಲಿ ಎರಡೂ ಆಗುತ್ತದೆ.

ಒಂದು ಓದು ಇನ್ನೊಂದನ್ನು ಅಳಿಸಬೇಕೆಂದೂ ಇಲ್ಲ. ಇದೇ ಸಿನಿಮಾದಲ್ಲಿ ಊರಿನವರು ಅವನನ್ನು ಕಂಬಕ್ಕೆ ಕಟ್ಟಿ ಎತ್ತುವಾಗ ಶಿಲುಬೆ ನೆನಪಾಗುತ್ತದೆ. ಮುದುಕ ಬ್ರೆಡ್ಡು, ವೈನು ಕೊಟ್ಟಾಗ ಕ್ರಿಸ್ತನ ಕಡೆಯ ಊಟ ನೆನಪಾಗುತ್ತದೆ. ಹೊಲಿಗೆ ಹಾಕಿದ ಮುಖ ನೋಡಿದರೆ ಯುದ್ಧದಿಂದ ಮುಖ ಒಡೆದುಕೊಂಡು ಬಂದ ಸೈನಿಕರು ನೆನಪಾಗುತ್ತಾರೆ. ವೇಲ್ ಅದನ್ನು ಕಣ್ಣಾರೆ ಕಂಡವರು. ಇವೆಲ್ಲ ಒಟ್ಟಿಗೇ ಇರಬಹುದು.

ಮುಂದಿನ ವರ್ಷ, 1936ರಲ್ಲಿ, ಅದೇ ಯೂನಿವರ್ಸಲ್ ಕಂಪನಿಯಿಂದ ‘ಡ್ರಾಕುಲಾಸ್ ಡಾಟರ್’ ಬಂತು. ಇದರ ನಿರ್ದೇಶಕ ವೇಲ್ ಅಲ್ಲ, ಲ್ಯಾಂಬರ್ಟ್ ಹಿಲಿಯರ್. ರಕ್ತ ಹೀರುವ ಹೆಣ್ಣು ಇನ್ನೊಂದು ಹೆಣ್ಣಿನ ಕಡೆ ಸೆಳೆಯಲ್ಪಡುವ ಕತೆ ಅದಕ್ಕೂ ಹಳೆಯದು. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ ಪುಸ್ತಕವಾಗಿ ಬಂದಿದ್ದು 1872ರಲ್ಲಿ. ‘ಡ್ರಾಕುಲಾ’ ಕಾದಂಬರಿ ಬರುವ 25 ವರ್ಷ ಮುಂಚೆ!

ಸಿನಿಮಾದ ಕೌಂಟೆಸ್ ಮಾರ್ಯಾ ಜಲೆಸ್ಕಾ, ಅಂದರೆ ನಟಿ ಗ್ಲೋರಿಯಾ ಹೋಲ್ಡನ್, ತನ್ನ ಸ್ವಭಾವದಿಂದ ಬಿಡುಗಡೆ ಬೇಡುವವಳು. ಅಪ್ಪ ಡ್ರಾಕುಲಾನ ಹೆಣವನ್ನು ತಾನೇ ಸುಟ್ಟುಹಾಕುತ್ತಾಳೆ. ಇನ್ನು ಎಲ್ಲರಂತೆ ಬದುಕುತ್ತೇನೆ ಎಂದುಕೊಂಡು ಪಿಯಾನೋ ಮುಂದೆ ಕೂರುತ್ತಾಳೆ. ಸಂಜೆಯ ನೆರಳು ಎನ್ನುತ್ತಾಳೆ, ಕೆಟ್ಟ ನೆರಳು ಎನ್ನುತ್ತಾನೆ ಸೇವಕ. ಮರದ ಮೇಲೆ ರೆಕ್ಕೆಯ ಸದ್ದು ಎನ್ನುತ್ತಾಳೆ, ಬಾವಲಿಯ ರೆಕ್ಕೆ ಎನ್ನುತ್ತಾನೆ ಅವನು. ಅವಳ ಬೆರಳಿನ ಕೆಳಗೇ ರಾಗ ಬದಲಾಗುತ್ತಾ ಹೋಗುತ್ತದೆ.

ಆಮೇಲೆ ಅವಳು ಮನೋವೈದ್ಯನ ಬಳಿ ಹೋಗುತ್ತಾಳೆ. ಕುಡಿತ ಬಿಡಿಸುವಾಗ ರೋಗಿಯ ಮುಂದೆ ಬಾಟಲಿ ಇಟ್ಟು ಮನಸ್ಸು ಗಟ್ಟಿ ಮಾಡಿಸುವ ಹಾಗೆ, ನಿನ್ನ ಆಸೆಯನ್ನು ಎದುರಿಸಿ ಗೆಲ್ಲು ಎಂದು ಆತನ ಸಲಹೆ. ಅವಳು ಹಾಗೇ ಮಾಡಲು ಹೋಗುತ್ತಾಳೆ. ಲಿಲಿ ಎಂಬ ಬಡ ಹುಡುಗಿಯನ್ನು ಚಿತ್ರಕ್ಕೆ ಮಾಡೆಲ್ ಆಗು ಎಂದು ಕರೆಸಿ, ಬೆಂಕಿಯ ಪಕ್ಕ ನಿಲ್ಲಿಸಿ, ಹೆಗಲ ಮೇಲಿನ ಬಟ್ಟೆ ಸರಿಸಲು ಹೇಳುತ್ತಾಳೆ. ವೈನ್ ಕೊಡುತ್ತಾಳೆ. ನೋಡುತ್ತಾ ನಿಲ್ಲುತ್ತಾಳೆ. ಉಂಗುರ ಮಿನುಗುತ್ತದೆ, ಲಿಲಿ ಚೀರುತ್ತಾಳೆ. ಈ ದೃಶ್ಯದ ಬಗ್ಗೆ ಬ್ರೀನ್ ಕಚೇರಿ ಮೊದಲೇ ಎಚ್ಚರಿಸಿತ್ತು, ‘ವಿಕೃತ ಆಸೆ’ಯ ಸುಳಿವು ಬರಕೂಡದು ಎಂದು. ತೆರೆಯ ಮೇಲೆ ಎಲ್ಲ ಗೌರವವಾಗೇ ಇದೆ. ಆದರೂ ನೋಡಿದವರಿಗೆ ಗೊತ್ತಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಲಿಲಿಯ ದೃಶ್ಯಕ್ಕಿಂತ ಆ ವೈದ್ಯನ ಸಲಹೆ. ಇರುವ ಹಾಗೆ ಇರಬೇಡ, ಮನಸ್ಸು ಮಾಡಿದರೆ ಬದಲಾಗಬಹುದು ಎಂದು ಎಷ್ಟು ಮಕ್ಕಳನ್ನು ಎಷ್ಟು ಕ್ಲಿನಿಕ್ಕುಗಳಿಗೆ ಕರೆದೊಯ್ದಿಲ್ಲ? ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ. ಹೀಗೆ ‘ಬದಲಾಯಿಸುವ’ ಚಿಕಿತ್ಸೆ ನಿಲ್ಲಬೇಕು ಎಂದು ನಮ್ಮ ಪಕ್ಕದ ಮದ್ರಾಸ್ ಹೈಕೋರ್ಟ್ ಹೇಳಿದ್ದು 2021ರಲ್ಲಿ. ಜಲೆಸ್ಕಾ ಆ ಕುರ್ಚಿಯಲ್ಲಿ ಕೂತಿದ್ದು 1936ರಲ್ಲಿ. ಅವಳಿಗೆ ಗುಣವಾಗಲಿಲ್ಲ, ಸಿನಿಮಾ ಅವಳನ್ನು ಬಾಣ ಬಿಟ್ಟು ಕೊಂದಿತು.

1942ರ ‘ಕ್ಯಾಟ್ ಪೀಪಲ್’ನಲ್ಲಿ ಒಂದೇ ಒಂದು ಕ್ಷಣ ಸಾಕು. ಐರೀನಾಳ ಮದುವೆಯ ಊಟ ನಡೆಯುತ್ತಿದೆ. ಗಂಡನನ್ನು ಮುಟ್ಟಿದರೆ ತಾನು ಕಾಡುಬೆಕ್ಕಾಗುತ್ತೇನೆ ಎಂಬ ಭಯ ಅವಳಿಗೆ. ಅದೇ ಹೋಟೆಲಿನಲ್ಲಿ ಬೆಕ್ಕಿನಂಥ ಮುಖದ ಹೆಂಗಸೊಬ್ಬಳು ಎದ್ದು ಬಂದು, ನೇರ ಕಣ್ಣಿಟ್ಟು, ಐರೀನಾಳ ತಾಯ್ನುಡಿ ಸರ್ಬಿಯನ್‌ನಲ್ಲಿ ‘ಮೋಯಾ ಸೆಸ್ತ್ರಾ’ ಎನ್ನುತ್ತಾಳೆ. ನನ್ನ ತಂಗಿ, ಎಂದು. ಐರೀನಾ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ. ತುಂಬಿದ ಸಭೆಯಲ್ಲಿ ನಿನ್ನನ್ನು ಗುರುತು ಹಿಡಿದೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದರೆ, ಕೇಳಿಸಿಕೊಂಡವಳಿಗೆ ಅದು ಸಮಾಧಾನವೂ ಹೌದು, ದಿಗಿಲೂ ಹೌದು.

1963ಕ್ಕೆ ಬರೋಣ. ರಾಬರ್ಟ್ ವೈಸ್ ಅವರ ‘ದಿ ಹಾಂಟಿಂಗ್’. ಎರಡು ವರ್ಷದ ಹಿಂದಷ್ಟೇ ಹೇಸ್ ಕೋಡ್ ಸಡಿಲವಾಗಿ, ನಾಜೂಕಾಗಿ ತೋರಿಸುವುದಾದರೆ ಸಲಿಂಗ ಪ್ರೇಮವನ್ನು ತೋರಿಸಬಹುದು ಎಂದಾಗಿತ್ತು. ದೆವ್ವದ ಬಂಗಲೆಗೆ ಬಂದ ಇಬ್ಬರು ಹೆಂಗಸರು, ಥಿಯೋ ಮತ್ತು ಎಲೆನರ್. ಥಿಯೋ ಹೆಂಗಸರನ್ನು ಪ್ರೀತಿಸುವವಳು. ಸೊಗಸಾದ ಬಟ್ಟೆ, ಚೂಪು ಮಾತು, ಯಾರದೇ ಮನಸ್ಸು ಓದುವ ಶಕ್ತಿ. ಅವಳನ್ನು ಸಿನಿಮಾ ರಾಕ್ಷಸಿಯಾಗಿ ತೋರಿಸುವುದಿಲ್ಲ, ಕೊಲ್ಲುವುದೂ ಇಲ್ಲ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಎಲೆನರ್ ಹನ್ನೊಂದು ವರ್ಷ ಕಾಯಿಲೆಯ ಅಮ್ಮನ ಸೇವೆ ಮಾಡಿ, ಈಗ ಅಕ್ಕನ ಮನೆಯ ಸೋಫಾದಲ್ಲಿ ಮಲಗುವವಳು. ಒಂದು ರಾತ್ರಿ ಗೋಡೆಯಾಚೆಯಿಂದ ಮಗು ಅಳುವ ಸದ್ದು ಬರುತ್ತದೆ. ಕತ್ತಲಲ್ಲಿ ಎಲೆನರ್ ಥಿಯೋಳ ಕೈಯನ್ನು ಬಿಗಿಯಾಗಿ ಹಿಡಿಯುತ್ತಾಳೆ. ಅಷ್ಟು ಬಿಗಿ ಹಿಡಿಯಬೇಡ, ನೋಯುತ್ತೆ ಅಂದುಕೊಳ್ಳುತ್ತಾಳೆ. ದೀಪ ಹತ್ತುತ್ತದೆ. ಥಿಯೋ ಕೋಣೆಯ ಆ ತುದಿಯಲ್ಲಿದ್ದಾಳೆ.

ಹಾಗಾದರೆ ನಾನು ಹಿಡಿದದ್ದು ಯಾರ ಕೈ?

ಅದೇ ಎಲೆನರ್ ಮುಂದೊಮ್ಮೆ ಸಿಟ್ಟಿನಲ್ಲಿ, ಲೋಕದಲ್ಲಿ ಪ್ರಕೃತಿಯ ತಪ್ಪುಗಳೂ ಇರುತ್ತವೆ, ನಿನ್ನಂಥವರು, ಎಂದು ಥಿಯೋಗೆ ಹೇಳಿಬಿಡುತ್ತಾಳೆ. ಕತ್ತಲಲ್ಲಿ ಕೈ ಬೇಕು, ಬೆಳಕಾದ ಮೇಲೆ ಆ ಕೈ ಬೇಡ. ಮುಖ ಗಂಟಾಗುವ ಆ ಅರೆಕ್ಷಣದಲ್ಲಿ ಥಿಯೋ ಪಾತ್ರದ ಕ್ಲೇರ್ ಬ್ಲೂಮ್ ಅವರನ್ನು ನೋಡಬೇಕು.

ಈ ಓದಿಗೆ ನೋವಿನ ಇನ್ನೊಂದು ಮಗ್ಗುಲಿದೆ. ಅದನ್ನು ಬಿಟ್ಟು ಮುಂದೆ ಹೋಗಬಾರದು. ಕ್ವಿಯರ್ ಜನ ರಾಕ್ಷಸನಲ್ಲಿ ತಮ್ಮನ್ನು ಕಂಡುಕೊಂಡದ್ದು ಬೇರೆ ಕಡೆ ತಮ್ಮ ಮುಖ ಕಾಣಲು ಸಿಗದೆ ಇದ್ದುದರಿಂದ. ಅದೇ ಹೊತ್ತಿಗೆ ಉಳಿದ ಪ್ರೇಕ್ಷಕರು ಏನು ಕಲಿತರು? ಹೀಗೆ ನಡೆಯುವವನು, ಹೀಗೆ ಮಾತಾಡುವವನು ಅಪಾಯಕಾರಿ ಎಂದು. 1960ರ ‘ಸೈಕೋ’ದ ಕೊನೆಯಲ್ಲಿ ಸೀರಿಯಲ್ ಕೊಲೆಗಾರ ಅಮ್ಮನ ಬಟ್ಟೆ ತೊಡುತ್ತಾನೆ. ಇವನು ಹೆಣ್ಣುಡುಗೆ ಉಡುವವನೇ ಎಂದು ಒಬ್ಬ ಕೇಳಿದರೆ, ಹಾಗಲ್ಲ ಎಂದು ವೈದ್ಯ ತಿದ್ದುತ್ತಾನೆ ನಿಜ. ಆದರೆ ಪ್ರೇಕ್ಷಕರ ನೆನಪಲ್ಲಿ ಉಳಿದದ್ದು ತಿದ್ದುಪಡಿ ಅಲ್ಲ, ಲಂಗ ತೊಟ್ಟ ಕೊಲೆಗಾರ. ಅದೇ ಚಿತ್ರ ಮುಂದಿನ ಎಷ್ಟೋ ಸಿನಿಮಾಗಳಲ್ಲಿ ಬಂತು. 1991ರಲ್ಲಿ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಬಂದಾಗ ಕ್ವಿಯರ್ ಹೋರಾಟಗಾರರು ಬೀದಿಗಿಳಿದು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ತೆರೆಯ ಮೇಲಿನ ಈ ಹೆದರಿಕೆಯ ಬೆಲೆ ತೆತ್ತವರು ನಿಜವಾದ ಟ್ರಾನ್ಸ್ ಹೆಂಗಸರು.

ಇಂಥ ಸಿನಿಮಾಗಳನ್ನು ವೇಲ್ ಅವರ ಸಿನಿಮಾದ ಪಕ್ಕ ಇಟ್ಟು ನೋಡಿದರೆ ನನ್ನ ಎರಡು ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ಒಂದರಲ್ಲಿ ಕ್ಯಾಮೆರಾ ಪಂಜು ಹಿಡಿದವರ ನಡುವೆ ನಿಂತು ಕತ್ತಲಿನ ಕಡೆ ನೋಡುತ್ತದೆ. ಇನ್ನೊಂದರಲ್ಲಿ ಕತ್ತಲಲ್ಲಿ ನಿಂತು ಹತ್ತಿರ ಬರುತ್ತಿರುವ ಪಂಜುಗಳನ್ನು ನೋಡುತ್ತದೆ.

ವೇಲ್ 1957ರಲ್ಲಿ ತಮ್ಮ ಮನೆಯ ಈಜುಕೊಳದಲ್ಲಿ ತೀರಿಕೊಂಡರು. ಪಾರ್ಶ್ವವಾಯು ಬಡಿದು ತುಂಬಾ ಸೊರಗಿದ್ದರು. ಅದು ಆತ್ಮಹತ್ಯೆ ಎಂದು ಲೋಕಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಅವರು ಬರೆದಿಟ್ಟ ಚೀಟಿಯನ್ನು ಲೂಯಿಸ್ ಹೊರಗೆ ತೋರಿಸಿದ ಮೇಲೆ. ಈ ನಡುವೆ ಅವರ ಒಂದು ಸಿನಿಮಾ ಕಳೆದೇಹೋಗಿತ್ತು. 1932ರ ‘ದಿ ಓಲ್ಡ್ ಡಾರ್ಕ್ ಹೌಸ್’. ಅದನ್ನು ಹುಡುಕಿದವರು ಬೇರೆ ಯಾರೂ ಅಲ್ಲ, ಆ ಕರ್ಟಿಸ್ ಹ್ಯಾರಿಂಗ್‌ಟನ್. ತೀರಿಹೋದ ಗೆಳೆಯನ ಸಿನಿಮಾಕ್ಕಾಗಿ ಸ್ಟುಡಿಯೋದವರ ಬೆನ್ನು ಬಿಡದೆ, 1968ರಲ್ಲಿ ಉಗ್ರಾಣದಿಂದ ಅದರ ನೆಗೆಟಿವ್ ತೆಗೆಸಿದರು. ಗೆಳೆಯನ ಸಿನಿಮಾಗಳಲ್ಲಿ ಕ್ವಿಯರ್ ಧ್ವನಿ ಹುಡುಕಬೇಡಿ ಎಂದವರೇ ಅದನ್ನು ನಮಗೆ ಉಳಿಸಿಕೊಟ್ಟರು.

ಈಗ ಅದನ್ನು ನೋಡಬಹುದು. ಮಳೆಯ ರಾತ್ರಿ, ಗುಡ್ಡದ ನಡುವಿನ ಮನೆ, ಒಳಗೆ ವಿಚಿತ್ರ ಮನುಷ್ಯರ ಒಂದು ಕುಟುಂಬ. ಬೆಂಕಿ ಇಡುವ ಹುಚ್ಚಿಗಾಗಿ ಮೇಲಿನ ಕೋಣೆಯಲ್ಲಿ ಕೂಡಿಹಾಕಿದ ಅಣ್ಣ ಸೌಲ್. ಅವನು ಸತ್ತಾಗ ಕಾರ್ಲಾಫ್ ಮಾಡಿದ ಮೂಗ ಸೇವಕ ಅವನ ದೇಹವನ್ನು ಮಗುವಿನಂತೆ ತೋಳಲ್ಲಿ ಎತ್ತಿಕೊಂಡು ಅಳುತ್ತಾ ಮೆಟ್ಟಿಲು ಹತ್ತುತ್ತಾನೆ. ಅದು ಯಾಕೆ ಎಂದು ಸಿನಿಮಾ ಹೇಳುವುದಿಲ್ಲ. ಮಹಡಿಯ ಇನ್ನೊಂದು ಕೋಣೆಯಲ್ಲಿ 102 ವರ್ಷದ ಮನೆಯ ಯಜಮಾನ ಹಾಸಿಗೆ ಹಿಡಿದಿದ್ದಾನೆ. ಪಾತ್ರಗಳ ಪಟ್ಟಿಯಲ್ಲಿ ನಟನ ಹೆಸರು ಜಾನ್ ಡಜನ್ ಎಂದಿದೆ. ಅಂಥ ನಟ ಯಾರೂ ಇರಲಿಲ್ಲ. ಆ ಗಡ್ಡದ ಹಿಂದೆ ಇರುವವರು ಎಲ್ಸ್‌ಪೆತ್ ಡಜನ್ ಎಂಬ ನಟಿ. ಆ ದೃಶ್ಯ ಬಂದಾಗ ಸೌಂಡು ಸ್ವಲ್ಪ ಜಾಸ್ತಿ ಮಾಡಿಕೊಂಡು, ಮುದುಕನ ದನಿ ಕೇಳಿ.